ಆನೆಯ ಭಯ ಕೆಡದಂತೆ ಕಾಪಾಡಿಕೊಳ್ಳುವ ವಿಧಾನ



ನೀವೀಗ ಒಂದು ಅಸಲಿ ಆನೆಭಯದ ಒಡೆಯರು. ಅಭಿನಂದನೆಗಳು. ಇದಕ್ಕೆ ನೀವು ಕಾಸು ಕೊಟ್ಟಿಲ್ಲ, ಕಂತು ಕಟ್ಟಬೇಕಾಗಿಯೂ ಇಲ್ಲ. ತೊಂಡಾಮುತ್ತೂರಿನಿಂದ ನರಸೀಪುರದ ಕಡೆಗೆ ಬೈಕಿನಲ್ಲಿ ಹೋಗುವಾಗಲೋ, ಬೋಳುವಾಂಪಟ್ಟಿಯ ಕಾಡಂಚಿನ ಬಾಳೆತೋಟಕ್ಕೆ ನಸುಕಿನಲ್ಲಿ ನೀರು ಕಟ್ಟಲು ಹೋದಾಗಲೋ ಇದು ತಾನಾಗಿ ನಿಮ್ಮ ಪಾಲಿಗೆ ಬಂದಿದೆ. ಟಾರ್ಚಿನ ಬೆಳಕು ನೀರಿನ ಟ್ಯಾಂಕಿನ ಮೇಲೆ ಬಿತ್ತು ಅಂದುಕೊಂಡಿರಿ. ಟ್ಯಾಂಕು ಕಿವಿ ಬೀಸಿತು. ಬಾಳೆದಿಂಡು ಸೀಳುವ ಸದ್ದು, ಹಸಿ ಲದ್ದಿಯ ವಾಸನೆ, ಕಾಲಿನಿಂದ ಕಳಚಿಹೋದ ಒಂದು ಚಪ್ಪಲಿ. ಆಮೇಲಿನದು ನೆನಪಿಲ್ಲ. ಮುಳ್ಳುಬೇಲಿಗೆ ಸಿಕ್ಕಿಕೊಂಡಿದ್ದ ನಿಮ್ಮನ್ನು ತಮ್ಮ ಬಂದು ಬಿಡಿಸಿದನಂತೆ.

ಆನೆ ಅಂದೇ ಕಾಡಿಗೆ ಹೋಯಿತು. ಭಯ ನಿಮ್ಮ ಜೊತೆ ಮನೆಗೆ ಬಂತು. ಉಪ್ಪಿನಕಾಯಿಯ ಹಾಗೆ ಭಯವನ್ನೂ ಬಿಗಿಯಾಗಿ ಮುಚ್ಚಿಟ್ಟರೆ ವರ್ಷಗಟ್ಟಲೆ ಇರುತ್ತದೆ. ಯಾರಾದರೂ ಮುಚ್ಚಳ ತೆಗೆದು ಒದ್ದೆ ಸೌಟು ಹಾಕಿದರೋ, ಕೆಟ್ಟಿತು. ಈಚೆಗೆ ಅಂಥ ಸೌಟುಗಳು ಫೋನಿನಲ್ಲೇ ಬರತೊಡಗಿರುವುದರಿಂದ ಈ ಕೈಪಿಡಿ ಹೊರಡಿಸಬೇಕಾಯಿತು. ಬಳಸುವ ಮುನ್ನ ಪೂರ್ತಿ ಓದಿರಿ.

ಕನ್ನಡದಲ್ಲೇ ಯಾಕೆ ಎಂದು ಕೇಳಬಹುದು. ಕೊಯಮತ್ತೂರಿನ ಸುತ್ತಿನ ಊರುಗಳಲ್ಲಿ ಮನೆಯೊಳಗೆ ಕನ್ನಡ, ಹೊಸಿಲು ದಾಟಿದರೆ ತಮಿಳು ಎಂಬ ಒಕ್ಕಲಿಗರ, ದೇವಾಂಗರ ಮನೆಗಳು ತಲೆಮಾರುಗಳಿಂದ ಇವೆ. ಸಂತೆ, ಬ್ಯಾಂಕು, ಗ್ರಾಮಾಡಳಿತಾಧಿಕಾರಿಯ (ವಿ.ಎ.ಒ.) ಕಚೇರಿ ಎಲ್ಲಕ್ಕೂ ತಮಿಳು. ಅವ್ವನ ಹತ್ತಿರ ಜಗಳಕ್ಕೆ, ದೇವರ ಹತ್ತಿರ ಬೇಡಿಕೆಗೆ, ರಾತ್ರಿ ಬೆಚ್ಚಿ ಕಿರುಚಲಿಕ್ಕೆ ಕನ್ನಡ. ಆಸ್ಪತ್ರೆಯಲ್ಲಿ ಡಾಕ್ಟರು ‘ಎನ್ನ ಆಚ್ಚು?’ (ಏನಾಯಿತು?) ಎಂದು ಕೇಳಿದರೆ ‘ತಲೆನೋವು’ ಎಂದಷ್ಟೇ ಹೇಳಿ ಮಾತ್ರೆ ತೆಗೆದುಕೊಂಡು ಬರುವುದು ಇಂಥ ಮನೆಗಳಲ್ಲಿ ವಾಡಿಕೆ. ಭಯ ಕಾಪಾಡುವವರ ಕಣ್ಣಿಗೆ ಇದು ಬಹಳ ಒಳ್ಳೆಯ ವಾಡಿಕೆ. ಹಾಸನ, ಆಲೂರು, ಸಕಲೇಶಪುರ, ಕೊಡಗಿನ ಗ್ರಾಹಕರೂ ಊರಿನ ಹೆಸರು ಬದಲಾಯಿಸಿಕೊಂಡು ಇದನ್ನೇ ಬಳಸಬಹುದು.

ಪೆಟ್ಟಿಗೆಯಲ್ಲಿ ಏನೇನಿದೆ

ನಾಲ್ಕು ಬಿಡಿಭಾಗಗಳಿವೆ. ಎಲ್ಲವೂ ಬಂದಿವೆಯೇ ಎಂದು ನೋಡಿಕೊಳ್ಳಿ.

ಮೊದಲನೆಯದು ಮರುಪ್ರಸಾರ. ಆ ರಾತ್ರಿ ಕರೆಯದೆಯೇ ಬರುತ್ತದೆ. ಕನಸಿನಲ್ಲಿ ಬರುತ್ತದೆ, ಹಗಲಲ್ಲೂ, ಪಕ್ಕದ ಮನೆಯವರು ಬಾಳೆದಿಂಡು ಕತ್ತರಿಸುವ ಸದ್ದಿಗೆ ಬರುತ್ತದೆ. ಬಂದಾಗ ‘ಅಂದು ಹೀಗಾಗಿತ್ತು’ ಎಂದು ಬರುವುದಿಲ್ಲ, ‘ಈಗ ಆಗುತ್ತಿದೆ’ ಎಂದೇ ಬರುತ್ತದೆ. ಮೈ ಬೆವರುತ್ತದೆ, ಎದೆ ಹೊಡೆದುಕೊಳ್ಳುತ್ತದೆ, ಕಾಲು ಓಡಲು ಸಿದ್ಧವಾಗುತ್ತದೆ. ಬೇರೆ ನೆನಪುಗಳಿಗೆಲ್ಲ ಹಾಕುವ ತಾರೀಕನ್ನು ಮಿದುಳು ಇದಕ್ಕೆ ಹಾಕಿಲ್ಲ.

ಎರಡನೆಯದು ತಪ್ಪಿಸಿಕೊಳ್ಳುವಿಕೆ. ಆ ತೋಟ ಬೇಡ, ಆ ದಾರಿ ಬೇಡ, ಆ ಮಾತು ಬೇಡ. ಇಡೀ ಯಂತ್ರ ಓಡುವುದೇ ಈ ಭಾಗದ ಬಲದಿಂದ. ಮುಂದೆ ವಿವರವಾಗಿ ಬರುತ್ತದೆ.

ಮೂರನೆಯದು ಮನಸ್ಸು ಮಂಕಾಗುವುದು. ಮಗಳ ಮದುವೆಯಲ್ಲೂ ಖುಷಿ ಹುಟ್ಟುವುದಿಲ್ಲ. ‘ನನ್ನಿಂದಲೇ ಆಯಿತು’, ‘ಯಾರನ್ನೂ ನಂಬುವ ಹಾಗಿಲ್ಲ’, ‘ಇನ್ನು ನಾನು ಮೊದಲಿನ ಹಾಗಾಗುವುದಿಲ್ಲ’ ಎಂಬ ತೀರ್ಪುಗಳು ಒಳಗೆ ಕೂತುಬಿಡುತ್ತವೆ.

ನಾಲ್ಕನೆಯದು ಕಾವಲು. ನಿದ್ದೆ ಬಾರದು. ಪಾತ್ರೆ ಬಿದ್ದರೆ ಎದ್ದು ನಿಲ್ಲುತ್ತೀರಿ. ಸಣ್ಣ ಮಾತಿಗೆ ಮಕ್ಕಳ ಮೇಲೆ ರೇಗುತ್ತೀರಿ, ಆಮೇಲೆ ಮೂಲೆಯಲ್ಲಿ ಕೂತು ನಾಚಿಕೊಳ್ಳುತ್ತೀರಿ.

ಈ ನಾಲ್ಕೂ ಸೇರಿ ಒಂದು ತಿಂಗಳಿಗಿಂತ ಹೆಚ್ಚು ಕಾಲ ಇದ್ದು ಕೆಲಸ, ಸಂಸಾರ ಕೆಡುವಂತಾದರೆ ವೈದ್ಯರು ಪಿಟಿಎಸ್‌ಡಿ ಎನ್ನುತ್ತಾರೆ. ಕನ್ನಡದಲ್ಲಿ ಆಘಾತದ ನಂತರದ ಒತ್ತಡದ ಕಾಯಿಲೆ. ಮೊದಲನೆಯ ಮಹಾಯುದ್ಧದ ಸೈನಿಕರಲ್ಲಿ ಇಂಥ ಲಕ್ಷಣ ಕಂಡ ಚಾರ್ಲ್ಸ್ ಮೈಯರ್ಸ್ ಎಂಬ ವೈದ್ಯರು 1915ರಲ್ಲಿ ‘ಶೆಲ್ ಶಾಕ್’ ಎಂದು ಬರೆದರು. ಈಗಿನ ಹೆಸರು ಅಮೆರಿಕದ ಮನೋವೈದ್ಯರ ಸಂಘದ ಪಟ್ಟಿಗೆ ಸೇರಿದ್ದು 1980ರಲ್ಲಿ, ವಿಯೆಟ್ನಾಂ ಯುದ್ಧ ಮುಗಿದ ಮೇಲೆ. ಹಾಗೆಂದು ಇದು ಬಂದೂಕು ಹಿಡಿದವರ ಸೊತ್ತೇನಲ್ಲ. 1984ರಲ್ಲಿ ಭೋಪಾಲದ ಅನಿಲ ಸೋರಿದ ಮೇಲೆ ಬೆಂಗಳೂರಿನ ನಿಮ್ಹಾನ್ಸ್‌ನ ಡಾ. ಆರ್. ಶ್ರೀನಿವಾಸಮೂರ್ತಿ ಮತ್ತು ಜೊತೆಯವರು ಅಲ್ಲಿನ ಸಾಮಾನ್ಯ ವೈದ್ಯರಿಗೆ ಜನರ ಮನಸ್ಸಿನ ಗಾಯ ಗುರುತಿಸಲು ಕಲಿಸಿದರು. ಕೊಯಮತ್ತೂರಿಗೂ ತನ್ನದೇ ದಿನ ಒಂದಿದೆ: 1998ರ ಫೆಬ್ರುವರಿ 14ರ ಸರಣಿ ಬಾಂಬ್ ಸ್ಫೋಟ, 58 ಸಾವು, ಇನ್ನೂರಕ್ಕೂ ಹೆಚ್ಚು ಗಾಯಾಳುಗಳು. ಆ ಸದ್ದನ್ನು ಹತ್ತಿರದಿಂದ ಕೇಳಿದವರು ಇವತ್ತು ತೋಟದ ಮನೆಯಲ್ಲಿದ್ದರೆ ಅವರ ಪಾಡು ಯೋಚಿಸಿ. ಆನೆ ಓಡಿಸಲು ಇಲ್ಲಿ ಹಚ್ಚುವುದು ಪಟಾಕಿ.

ಈ ಸರಕು ಎಲ್ಲರಿಗೂ ಸಿಗುವುದಿಲ್ಲ ಎಂಬುದು ಗಮನದಲ್ಲಿರಲಿ. ಜಗತ್ತಿನಲ್ಲಿ ಶೇ 70ರಷ್ಟು ಜನ ಬದುಕಿನಲ್ಲಿ ಒಮ್ಮೆಯಾದರೂ ಇಂಥ ಆಘಾತ ಕಾಣುತ್ತಾರೆ. ಈ ಕಾಯಿಲೆ ಬರುವುದು ಸುಮಾರು ಶೇ 3.9 ಜನರಿಗೆ. ಇದು ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕ. ಅಂದರೆ ಬಹುಪಾಲು ಜನರ ಭಯ ತಾನಾಗಿ ಇಳಿದುಹೋಗುತ್ತದೆ. ನಿಮ್ಮದು ಹಾಗೆ ಇಳಿಯದಂತೆ ಮೊದಲ ತಿಂಗಳೇ ಕೆಲಸ ಶುರುಮಾಡಬೇಕು.

ಅಳವಡಿಕೆ: ಮೊದಲ ಮೂವತ್ತು ದಿನ

ಆಘಾತವಾದ ಹೊಸತರಲ್ಲಿ ಬೆಚ್ಚುವುದು, ನಿದ್ದೆಗೆಡುವುದು ಯಾರಿಗಾದರೂ ಸಹಜ, ಅದು ಕಾಯಿಲೆಯಲ್ಲ. ಈ ಹೊತ್ತಿನಲ್ಲಿ ಮನುಷ್ಯನಿಗೆ ಬೇಕಾದದ್ದು ಬಹಳ ಸಾದಾ ಸಂಗತಿಗಳು: ಇನ್ನು ಅಪಾಯವಿಲ್ಲವೆಂಬ ಜಾಗ, ಬಿಸಿ ಊಟ, ಮೈ ಗಾಯಕ್ಕೆ ಮದ್ದು, ಪಕ್ಕದಲ್ಲಿ ತನ್ನವರು, ಮತ್ತು ಹೇಳಬೇಕೆನಿಸಿದರೆ ಕೇಳುವ ಕಿವಿ. ಇದನ್ನೆಲ್ಲ ಒದಗಿಸಿದರೆ ಭಯ ಸೊರಗುವ ಅಪಾಯವಿದೆ.

ಆದ್ದರಿಂದ ಹೀಗೆ ಮಾಡಿ. ನೋಡಲು ಬಂದವರಿಗೆಲ್ಲ ಮೊದಲಿನಿಂದ ಕಥೆ ಹೇಳಿಸಿ. ಕುನ್ನೂರಿನ ಮಾವ ತಡವಾಗಿ ಬಂದರೆ ಅವರಿಗಾಗಿ ಇನ್ನೊಮ್ಮೆ. ಟಿವಿಯವರು ಮೈಕು ಹಿಡಿದು ‘ಆನೆ ಎಷ್ಟು ಹತ್ತಿರ ಇತ್ತು?’ ಎಂದು ಕೇಳಿದರೆ ಎದ್ದು ನಿಂತು ಕೈಯಲ್ಲಿ ತೋರಿಸಲು ಹೇಳಿ. ಆಘಾತವಾದ ಕೂಡಲೇ ಒಂದೇ ಕೂತಲ್ಲಿ ಎಲ್ಲವನ್ನೂ ಕಕ್ಕಿಸುವ ಪದ್ಧತಿ ಒಂದು ಕಾಲದಲ್ಲಿ ವೈದ್ಯರಲ್ಲೂ ಇತ್ತು. ಅದರಿಂದ ಕಾಯಿಲೆ ತಪ್ಪುವುದಿಲ್ಲ, ಕೆಲವರಿಗೆ ಕೆಡುಕೇ ಆಗಬಹುದು ಎಂದು ಅಧ್ಯಯನಗಳು ತೋರಿಸಿದ ಮೇಲೆ ಬಿಟ್ಟರು. ನಮ್ಮ ಕಡೆ ಬಿಟ್ಟಿಲ್ಲ. ಜೊತೆಗೆ, ಬೀದಿಯ ಸಿಸಿಟಿವಿಯಲ್ಲಿ ಆನೆ ನಡೆದುಹೋದ ವಿಡಿಯೊ ವಾಟ್ಸಾಪಿನಲ್ಲಿ ಬರುತ್ತದಲ್ಲ, ಅದನ್ನು ಮಲಗುವ ಮುನ್ನ ನೋಡಿ, ನಾಲ್ಕು ಗ್ರೂಪಿಗೆ ಕಳಿಸಿ.

ಅಜ್ಜಿ ನಿಂಬೆಹಣ್ಣು ನಿವಾಳಿಸಿ ದೃಷ್ಟಿ ತೆಗೆಯಲು ಬಂದರೆ ಎಚ್ಚರದಿಂದಿರಿ. ನಿಂಬೆಹಣ್ಣಿನ ಬಗ್ಗೆ ನಮಗೆ ಚಿಂತೆಯಿಲ್ಲ. ಆದರೆ ಆ ನೆಪದಲ್ಲಿ ಮನೆಯವರೆಲ್ಲ ಸುತ್ತ ಕೂರುತ್ತಾರೆ, ಅಜ್ಜಿ ತಲೆ ನೇವರಿಸುತ್ತಾಳೆ, ‘ಏನೂ ಆಗಲ್ಲ ಮಗಾ’ ಅನ್ನುತ್ತಾಳೆ, ಯಾರೂ ಪ್ರಶ್ನೆ ಕೇಳುವುದಿಲ್ಲ. ವಿಶ್ವ ಆರೋಗ್ಯ ಸಂಸ್ಥೆ 2011ರಲ್ಲಿ ಹೊರಡಿಸಿದ ಮಾನಸಿಕ ಪ್ರಥಮ ಚಿಕಿತ್ಸೆಯ ಮಾರ್ಗದರ್ಶಿಯಲ್ಲಿರುವ ಅರ್ಧ ಪಾಲನ್ನು ಅಜ್ಜಿ ಹಾಗೆ ಸುಮ್ಮನೆ ಮಾಡಿ ಮುಗಿಸಿಬಿಡುತ್ತಾಳೆ. ಕೆಡುವುದು ಆಮೇಲೆ, ಆರು ತಿಂಗಳಾದರೂ ನಿಂಬೆಹಣ್ಣೇ ಸಾಕು ಎಂದು ಕೂತಾಗ.

ದಿನನಿತ್ಯದ ನಿರ್ವಹಣೆ

ಇಲ್ಲಿಂದ ಗಮನವಿಟ್ಟು ಓದಬೇಕು. ಭಯದ ಆಹಾರ ಒಂದೇ: ತಪ್ಪಿಸಿಕೊಳ್ಳುವುದು.

ಮೊದಲ ವಾರ ರಾತ್ರಿ ತೋಟಕ್ಕೆ ಹೋಗುವುದು ಬಿಡಿ. ಇದು ಬುದ್ಧಿವಂತಿಕೆ, ಯಾರೂ ತಪ್ಪು ಹೇಳುವುದಿಲ್ಲ. ಇನ್ನು ಮೆಲ್ಲಗೆ ಮುಂದುವರಿಯಿರಿ. ಸಂಜೆ ಐದಕ್ಕೆ ಹೋಗುವುದನ್ನೂ ಬಿಡಿ. ಮಟಮಟ ಮಧ್ಯಾಹ್ನ, ಆಳುಗಳು ಹತ್ತು ಜನ ಇರುವಾಗಲೂ ಬಿಡಿ. ಆಮೇಲೆ ತೋಟ ಕಾಣುವ ಕಿಟಕಿ ಮುಚ್ಚಿ. ಪೂಂಡಿಯ ದಾರಿ ಬಿಡಿ, ವೆಳ್ಳಿಯಂಗಿರಿ ಬೆಟ್ಟ ಕಾಣುವ ದಿಕ್ಕಿಗೆ ಬೆನ್ನು ಹಾಕಿ ಕೂರಿ. ಪೇರೂರಿನ ಗುಡಿಗೆ ಹೋಗದಿರಲೂ ನೆಪ ಹೇಳಿ. ಕಡೆಗೆ ಗಣಪತಿಯ ಕ್ಯಾಲೆಂಡರನ್ನು ಗೋಡೆಯಿಂದ ಇಳಿಸುವ ಹಂತಕ್ಕೆ ಬಂದರೆ ನಿಮ್ಮ ನಿರ್ವಹಣೆ ಅತ್ಯುತ್ತಮ.

ಪ್ರತಿ ಸಲ ತಪ್ಪಿಸಿಕೊಂಡಾಗಲೂ ಎದೆ ಹಗುರವಾಗುತ್ತದೆ. ಆ ಹಗುರದಲ್ಲೇ ಗುಟ್ಟಿದೆ. ‘ಹೋಗಲಿಲ್ಲ, ಅದಕ್ಕೇ ಬದುಕಿದೆ’ ಎಂದು ಮಿದುಳು ಬರೆದುಕೊಳ್ಳುತ್ತದೆ. ಮಧ್ಯಾಹ್ನದ ತೋಟದಲ್ಲಿ ಏನೂ ಆಗುತ್ತಿರಲಿಲ್ಲ ಎಂದು ತಿಳಿಯುವ ಅವಕಾಶವೇ ಅದಕ್ಕೆ ಸಿಗುವುದಿಲ್ಲ. ಮರುದಿನ ಭಯ ಇನ್ನೊಂದು ಬೀದಿಯನ್ನು ತನ್ನದಾಗಿಸಿಕೊಳ್ಳುತ್ತದೆ.

ಸಂಜೆಯ ಹೊತ್ತಿಗೆ ಟಾಸ್ಮಾಕ್ ಮದ್ಯದಂಗಡಿ ಇದ್ದೇ ಇದೆ. ಒಂದು ಕ್ವಾರ್ಟರಿಗೆ ನಿದ್ದೆ ಬರುತ್ತದೆ, ರಾತ್ರಿ ಎರಡು ಗಂಟೆಗೆ ಎಚ್ಚರವಾಗುತ್ತದೆ, ಕನಸು ಎಲ್ಲಿ ನಿಂತಿತ್ತೋ ಅಲ್ಲಿಂದ ಶುರುವಾಗುತ್ತದೆ. ಮೆಡಿಕಲ್ ಶಾಪಿನ ಹುಡುಗನ ಪರಿಚಯವಿದ್ದರೆ ಚೀಟಿಯಿಲ್ಲದೆ ನಿದ್ದೆಮಾತ್ರೆ ಕೇಳಿ. ಅಲ್ಪ್ರಜೋಲಂ ಜಾತಿಯ ಮಾತ್ರೆಗಳು ಈ ಕಾಯಿಲೆಗೆ ಚಿಕಿತ್ಸೆಯಲ್ಲ, ಚಟ ಹಿಡಿಸುತ್ತವೆ ಎಂದು ವೈದ್ಯರ ಮಾರ್ಗಸೂಚಿಗಳು ಹೇಳುತ್ತವೆ. ಭಯ ಉಳಿಯಬೇಕೆನ್ನುವವರಿಗೆ ಇದಕ್ಕಿಂತ ಒಳ್ಳೆಯ ಶಿಫಾರಸು ಯಾವುದಿದೆ?

ಪರಿಹಾರದ ಅರ್ಜಿ ತುಂಬುವಾಗ ನಿಮಗೊಂದು ಅನುಕೂಲ ಕಾಣುತ್ತದೆ. ಬೆಳೆ ಹೋದದ್ದಕ್ಕೆ, ಮನೆ ಗೋಡೆ ಬಿದ್ದದ್ದಕ್ಕೆ, ದನ ಸತ್ತದ್ದಕ್ಕೆ, ಕೈಕಾಲು ಮುರಿದದ್ದಕ್ಕೆ, ಜೀವ ಹೋದದ್ದಕ್ಕೆ ಅರಣ್ಯ ಇಲಾಖೆಯಲ್ಲಿ ಪರಿಹಾರವುಂಟು. ನಿದ್ದೆ ಹೋದದ್ದಕ್ಕೆ ಇಲ್ಲ. ಬಾಳೆಗಿಡ ಎಣಿಸಲು ಬಂದವರು ನಿಮ್ಮನ್ನು ಎಣಿಸದೆ ಹೋಗುತ್ತಾರೆ. ಭಾರತದಲ್ಲಿ ಮಾನಸಿಕ ಕಾಯಿಲೆಗಳಿಗೆ ಚಿಕಿತ್ಸೆ ಸಿಗದೆ ಉಳಿದವರ ಪ್ರಮಾಣ ಕಾಯಿಲೆಗೆ ತಕ್ಕಂತೆ ಶೇ 70ರಿಂದ 92 ಎಂದು ನಿಮ್ಹಾನ್ಸ್ ನಡೆಸಿದ 2015–16ರ ರಾಷ್ಟ್ರೀಯ ಸಮೀಕ್ಷೆ ಹೇಳಿತು. ನೀವು ಒಂಟಿಯಲ್ಲ, ದೊಡ್ಡ ಬಹುಮತದಲ್ಲೇ ಇದ್ದೀರಿ.

ಮನೆಯವರಿಗೆ

‘ಗಂಡಸಾಗಿ ಇಷ್ಟಕ್ಕೆಲ್ಲಾ…’ ಎಂದು ಶುರುಮಾಡಿ. ವಾಕ್ಯ ಮುಗಿಸಬೇಕಾಗಿಲ್ಲ.

ಹೆಂಗಸಿಗೆ ಈ ಭಯ ಬಂದಿದ್ದರೆ ಇನ್ನೂ ಸುಲಭ. ‘ಗಾಳಿ ಸೋಕಿದೆ’ ಎಂದು ಒಂದು ಮಾತು ಹೇಳಿದರೆ ಊರೇ ಒಪ್ಪುತ್ತದೆ. ಅವಳು ದನಕ್ಕೆ ಹುಲ್ಲು ತರಲು ಕಾಡಂಚಿಗೆ ಹೋಗುವುದನ್ನಂತೂ ನಿಲ್ಲಿಸಬೇಡಿ. ಮಕ್ಕಳು ಶಾಲೆಯಲ್ಲಿ ಮಂಕಾಗಿದ್ದರೆ, ಮಲಗಿದಲ್ಲಿ ಉಚ್ಚೆ ಹೊಯ್ದುಕೊಂಡರೆ, ಆನೆ–ಮನೆ ಆಟವನ್ನೇ ಮತ್ತೆ ಮತ್ತೆ ಆಡಿದರೆ ‘ತುಂಟತನ’ ಎನ್ನಿ. ಮಕ್ಕಳ ಆಘಾತ ಹೀಗೆ ಆಟದಲ್ಲೇ ಹೊರಬೀಳುತ್ತದೆ ಎಂದು ಟೀಚರಿಗೆ ಯಾರಾದರೂ ಹೇಳಿಬಿಟ್ಟಾರು, ನೋಡಿಕೊಳ್ಳಿ.

ಒಂದು ಕಡೆ ಮಾತ್ರ ಈ ಕೈಪಿಡಿ ತಮಾಷೆ ಬಿಡುತ್ತದೆ. ‘ನಾನು ಇರೋದಕ್ಕಿಂತ ಹೋಗೋದೇ ವಾಸಿ’ ಎಂಬ ಮಾತು ಅವರ ಬಾಯಿಂದ ಬಂದರೆ, ಕೈಪಿಡಿ ಬದಿಗಿಟ್ಟು ಅವರ ಪಕ್ಕದಲ್ಲಿ ಕೂರಿ. ತೋಟದ ಕೀಟನಾಶಕದ ಡಬ್ಬಿಗಳನ್ನು ಬೀಗದೊಳಗೆ ಇಡಿ. ಅಂದೇ 14416 ಎಂಬ ಮಾನಸಿಕ ಆರೋಗ್ಯ ಸಹಾಯವಾಣಿಗೆ ಫೋನು ಮಾಡಿ. ಕೈ ಮೀರಿದರೆ 112, ಇಲ್ಲವೇ ಕೊಯಮತ್ತೂರು ಮೆಡಿಕಲ್ ಕಾಲೇಜು ಆಸ್ಪತ್ರೆಗೆ ನೇರ ಕರೆದುಕೊಂಡು ಹೋಗಿ. ಅಲ್ಲಿ ಮನೋವೈದ್ಯ ವಿಭಾಗವಿದೆ.

ಅಪಾಯ! ಭಯವನ್ನು ಹಾಳುಮಾಡುವ ಸಾಧನ ನಿಮ್ಮ ಜೇಬಿನಲ್ಲೇ ಇದೆ

ಮೊದಲು ನಮಗೆ ನೆಮ್ಮದಿಯಿತ್ತು. ಮನೋವೈದ್ಯರೆಂದರೆ ಪಟ್ಟಣದಲ್ಲಿ, ಬಸ್ಸು ಹತ್ತಬೇಕು, ಒಂದು ದಿನದ ಕೂಲಿ ಬಿಡಬೇಕು, ಹೊರಗೆ ಬೆಂಚಿನ ಮೇಲೆ ಕೂತಾಗ ಊರಿನವರು ಯಾರಾದರೂ ಕಂಡುಬಿಟ್ಟಾರು ಎಂಬ ಅಂಜಿಕೆ. ಈ ಮೂರೂ ಸೇರಿ ಭಯಕ್ಕೆ ಭದ್ರ ಕೋಟೆ ಕಟ್ಟಿದ್ದವು. 2020ರ ಮಾರ್ಚ್‌ನಲ್ಲಿ ಕೇಂದ್ರ ಸರ್ಕಾರ ಫೋನು, ವಿಡಿಯೊ ಮೂಲಕ ವೈದ್ಯರು ನೋಡಬಹುದೆಂಬ ಮಾರ್ಗಸೂಚಿ ಹೊರಡಿಸಿತು; ಆ ವರ್ಷವೇ ನಿಮ್ಹಾನ್ಸ್ ಕೂಡ ಸೇರಿ ರೂಪಿಸಿದ, ಮನೋವೈದ್ಯರಿಗೇ ಎಂದಿರುವ ಪ್ರತ್ಯೇಕ ನಿಯಮಾವಳಿಯೂ ಬಂತು. 2022ರ ಅಕ್ಟೋಬರ್ 10ರಂದು ಟೆಲಿ ಮಾನಸ್ ಎಂಬ ಸರ್ಕಾರಿ ಸಹಾಯವಾಣಿ ಶುರುವಾಯಿತು. ನಂಬರು 14416. ಹಗಲು ರಾತ್ರಿ ತೆರೆದಿರುತ್ತದೆ, ಕಾಸಿಲ್ಲ. ಇಪ್ಪತ್ತು ಭಾಷೆಗಳ ಸೇವೆ. ಕನ್ನಡವೂ ಅದರಲ್ಲಿದೆ, ತಮಿಳೂ ಇದೆ. ಇಡೀ ದೇಶದ ಈ ಜಾಲಕ್ಕೆ ಮುಖ್ಯ ಕೇಂದ್ರ ನಮ್ಮ ನಿಮ್ಹಾನ್ಸೇ.

ಭಯಕ್ಕೆ ಆಗುವ ಹಾನಿ ತಿಳಿಯಲೆಂದು, ಮಾಡಬಾರದ್ದನ್ನು ಕ್ರಮವಾಗಿ ಬರೆದಿದ್ದೇವೆ. ದಯವಿಟ್ಟು ಹೀಗೆ ಮಾಡಬೇಡಿ:

ನಂಬರು ಒತ್ತಬೇಡಿ. ಒತ್ತಿದರೆ ಭಾಷೆ ಆರಿಸಲು ಹೇಳುತ್ತದೆ, ಆಮೇಲೆ ಒಬ್ಬ ಆಪ್ತಸಮಾಲೋಚಕರು ಬರುತ್ತಾರೆ. ಕನ್ನಡದಲ್ಲೇ ಹೇಳಿಕೊಳ್ಳಬೇಕು ಅನಿಸಿದರೆ ಅವರನ್ನೇ ಕೇಳಬಹುದು. ‘ಹೇಳಿ ಅಣ್ಣ, ಅವಸರ ಇಲ್ಲ’ ಎನ್ನುವ ಒಂದು ಮಾತಿಗೆ ಎಷ್ಟೋ ದಿನದಿಂದ ಬಿಗಿಹಿಡಿದ ಗಂಟಲು ಬಿಡುವ ಅಪಾಯವಿದೆ. ಅವರ ಕೈಯಲ್ಲಿ ಆಗದ್ದನ್ನು ಮನೋವೈದ್ಯರಿಗೆ, ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ದಾಟಿಸುತ್ತಾರೆ.

ಚಿಕಿತ್ಸೆ ಆನ್‌ಲೈನಿನಲ್ಲಿ ಶುರುವಾಗುವುದಾದರೆ ಸಿಗ್ನಲ್ ಸಿಗುವ ಜಾಗ ಹುಡುಕಬೇಡಿ. ಬೆಟ್ಟದ ಬುಡದಲ್ಲಿ ಅದು ಒಂದು ಕಡೆ ಇದ್ದರೆ ಇನ್ನೊಂದು ಕಡೆ ಇರುವುದಿಲ್ಲ; ಮನೆಯ ಮೇಲಿನ ತಾರಸಿಯಲ್ಲೋ, ಮೋಟಾರು ಮನೆಯ ಮೆಟ್ಟಿಲಲ್ಲೋ ಸಿಕ್ಕಿಬಿಟ್ಟೀತು. ಇಯರ್‌ಫೋನ್ ಹಾಕಿಕೊಳ್ಳಬೇಡಿ, ಹಾಕಿಕೊಂಡರೆ ಪಕ್ಕದಲ್ಲಿರುವವರಿಗೆ ಎದುರಿನವರ ಮಾತು ಕೇಳದೆ ಗುಟ್ಟು ಗುಟ್ಟಾಗಿಯೇ ಉಳಿಯುತ್ತದೆ. ಶುರುವಿಗೆ ವೈದ್ಯರು ‘ನೀವೀಗ ಎಲ್ಲಿದ್ದೀರಿ, ಹತ್ತಿರದಲ್ಲಿ ಯಾರಿದ್ದಾರೆ, ಅವರ ನಂಬರು ಕೊಡಿ’ ಎಂದು ಕೇಳುತ್ತಾರೆ. ಮಾತಿನ ನಡುವೆ ನಿಮಗೇನಾದರೂ ಆದರೆ ಪರದೆಯಾಚೆಯಿಂದ ಕೈ ಹಿಡಿಯಲಾಗದಲ್ಲ, ಅದಕ್ಕೆ. ಕೇಳದೇ ಇದ್ದವರು ಕೆಲಸ ಗೊತ್ತಿಲ್ಲದವರು. ಫೋನು ಕಟ್ಟಾದರೆ ಯಾರು ಯಾರಿಗೆ ಮಾಡಬೇಕು ಎಂಬುದನ್ನೂ ಮೊದಲೇ ಮಾತಾಡಿಕೊಳ್ಳುವುದುಂಟು.

ಆಯ್ಕೆ ಮಾಡುವಾಗ ಪ್ರಶ್ನೆ ಕೇಳಬೇಡಿ. ಮನೋವೈದ್ಯರಾದರೆ ಚೀಟಿಯಲ್ಲಿ ಮೆಡಿಕಲ್ ಕೌನ್ಸಿಲಿನ ನೋಂದಣಿ ಸಂಖ್ಯೆ ಇರಬೇಕು. ಕ್ಲಿನಿಕಲ್ ಸೈಕಾಲಜಿಸ್ಟ್ ಆದರೆ ಭಾರತೀಯ ಪುನರ್ವಸತಿ ಮಂಡಳಿಯ ನೋಂದಣಿ ಇರಬೇಕು. ಇಬ್ಬರನ್ನೂ ಕೇಳಬೇಕಾದ ಒಂದೇ ಪ್ರಶ್ನೆ ‘ಆಘಾತಕ್ಕೇ ಎಂದು ಇರುವ ಚಿಕಿತ್ಸೆ ಮಾಡುತ್ತೀರಾ?’ ಎಂಬುದು. ಇನ್‌ಸ್ಟಾಗ್ರಾಮಿನಲ್ಲಿ ‘ಮೂರೇ ದಿನದಲ್ಲಿ ಭಯ ಮಾಯ’ ಎನ್ನುವವರ ಹತ್ತಿರ ಈ ಪ್ರಶ್ನೆ ನಡೆಯುವುದಿಲ್ಲ. ನಮ್ಮ ಶಿಫಾರಸು ಅವರೇ.

ಇನ್ನು ಚಿಕಿತ್ಸೆ. ಭಯಕ್ಕೆ ಇದರಷ್ಟು ಕೇಡು ಮಾಡುವುದು ಬೇರೆ ಯಾವುದೂ ಇಲ್ಲವಾದ್ದರಿಂದ ಸ್ವಲ್ಪ ನಿಧಾನಿಸುತ್ತೇವೆ. ಎಡ್ನಾ ಫೋವಾ ರೂಪಿಸಿದ ವಿಧಾನದಲ್ಲಿ, ವಾರಕ್ಕೊಮ್ಮೆಯಂತೆ ಎಂಟರಿಂದ ಹದಿನೈದು ಸಲ ಕೂರುತ್ತಾರೆ. ನೀವು ಕಣ್ಣು ಮುಚ್ಚಿ ಆ ರಾತ್ರಿಯನ್ನು ಈಗ ನಡೆಯುತ್ತಿದೆ ಎಂಬಂತೆ ಹೇಳಬೇಕು: ‘ಟಾರ್ಚು ಹಾಕ್ತೀನಿ. ಕಪ್ಪಗೇನೋ ಇದೆ. ಕಿವಿ ಆಡ್ತಿದೆ.’ ಟಿವಿ ಮೈಕಿಗೆ ಹೇಳಿದ್ದೂ ಇದೇ ಕಥೆ ತಾನೆ ಎನ್ನಬಹುದು. ಅಲ್ಲಿ ಕೇಳುವವರಿಗೆ ಆನೆ ಬೇಕಿತ್ತು, ಇಲ್ಲಿ ಕೇಳುವವರಿಗೆ ನೀವು ಬೇಕು. ‘ಈಗ ಭಯ ನೂರಕ್ಕೆ ಎಷ್ಟು?’ ಎಂದು ನಡುನಡುವೆ ಕೇಳುತ್ತಾರೆ. ತೊಂಬತ್ತೈದು ಎನ್ನುತ್ತೀರಿ. ನಿಲ್ಲಿಸುವುದಿಲ್ಲ, ಓಡಿಸುವುದೂ ಇಲ್ಲ, ಮತ್ತೆ ಮೊದಲಿನಿಂದ. ಅದನ್ನು ರೆಕಾರ್ಡು ಮಾಡಿಕೊಂಡು ಮನೆಯಲ್ಲಿ ದಿನಾ ಕೇಳಬೇಕು. ಕೇಳುತ್ತಾ ಕೇಳುತ್ತಾ ತೊಂಬತ್ತೈದು ಎಪ್ಪತ್ತಾಗುತ್ತದೆ, ನಲವತ್ತಾಗುತ್ತದೆ. ಬಿಟ್ಟುಹೋಗಿದ್ದ ಚೂರುಗಳೂ ಹೊರಬರುತ್ತವೆ: ಓಡುವ ಮುಂಚೆ ನೀವು ತಮ್ಮನನ್ನು ಕೂಗಿ ಎಚ್ಚರಿಸಿದ್ದಿರಿ ಎಂಬುದು ಅಷ್ಟು ದಿನ ನಿಮಗೇ ಮರೆತಿತ್ತು. ಜೊತೆಗೆ, ನೀವು ಬಿಟ್ಟ ಜಾಗಗಳ ಪಟ್ಟಿ ಮಾಡಿ ಸುಲಭದ್ದರಿಂದ ಶುರುಮಾಡಿಸುತ್ತಾರೆ. ಮೊದಲು ಕಿಟಕಿ. ಆಮೇಲೆ ಬದುವಿನವರೆಗೆ. ಆಮೇಲೆ ಮಧ್ಯಾಹ್ನದ ತೋಟ. ಆನ್‌ಲೈನಾದರೆ ಫೋನು ಜೇಬಿನಲ್ಲೇ ಇದ್ದು, ಡಾಕ್ಟರು ಕಿವಿಯಲ್ಲಿ ಮಾತಾಡುತ್ತಾ ತೋಟದವರೆಗೂ ಬರುತ್ತಾರೆ. ಆಸ್ಪತ್ರೆಯ ಕೋಣೆಯಲ್ಲಿ ಈ ಅನುಕೂಲ ಇರಲಿಲ್ಲ.

ಪೆಟ್ರೀಷಿಯಾ ರೆಸಿಕ್ ಅವರ ಇನ್ನೊಂದು ವಿಧಾನ ಸುಮಾರು ಹನ್ನೆರಡು ಸಲದ್ದು. ಅದು ಒಳಗೆ ಕೂತ ತೀರ್ಪುಗಳ ಮೇಲೆ ಕೈ ಇಡುತ್ತದೆ. ‘ನಾನು ಪಟಾಕಿ ಹಚ್ಚದೇ ಇದ್ದಿದ್ದರೆ ಅಣ್ಣ ಉಳಿಯುತ್ತಿದ್ದ’ ಎಂಬ ವಾಕ್ಯವನ್ನು ಕಾಗದದ ಮೇಲೆ ಬರೆಸಿ, ಇದಕ್ಕೆ ಸಾಕ್ಷಿ ಏನು, ಆ ಗಳಿಗೆಯಲ್ಲಿ ನಿನಗೆ ಗೊತ್ತಿದ್ದದ್ದೆಷ್ಟು ಎಂದು ವಿಚಾರಿಸುತ್ತದೆ. ಕಣ್ಣನ್ನು ಎಡಕ್ಕೂ ಬಲಕ್ಕೂ ಆಡಿಸುತ್ತಾ ನೆನಪಿಸಿಕೊಳ್ಳುವ ಇಎಂಡಿಆರ್ ಎಂಬುದೂ ಇದೆ. ಪರದೆಯ ಮೇಲೆ ಚುಕ್ಕಿ ಓಡಿಸಿ ಅದನ್ನೂ ದೂರದಿಂದ ಮಾಡುತ್ತಾರೆ. ಸರ್ಟ್ರಲೀನ್, ಪ್ಯಾರಾಕ್ಸಿಟೀನ್‌ನಂಥ ಮಾತ್ರೆಗಳನ್ನು ವೈದ್ಯರು ಬರೆದುಕೊಡಬಹುದು. ಗುಣ ಕಾಣಲು ವಾರಗಳು ಬೇಕು, ನಡುವೆ ನೀವಾಗಿ ನಿಲ್ಲಿಸಬಾರದು.

ಪರದೆಯ ಮೇಲಿನದು ಎರಡನೇ ದರ್ಜೆಯ ಚಿಕಿತ್ಸೆ ಎಂದು ಪ್ರಚಾರ ಮಾಡೋಣ ಎಂದಿದ್ದೆವು. ಬ್ರಿಟನ್ನಿನ ಕಾರ್ಡಿಫ್‌ನ ಸಂಶೋಧಕರು ಅದಕ್ಕೂ ಕಲ್ಲು ಹಾಕಿದರು. ಒಂದೇ ಘಟನೆಯಿಂದ ಕಾಯಿಲೆ ಬಂದ, ತೀರ ತೀವ್ರವಲ್ಲದ 196 ಮಂದಿಯಲ್ಲಿ ಕೆಲವರಿಗೆ ಎದುರುಬದುರು ಚಿಕಿತ್ಸೆ, ಉಳಿದವರಿಗೆ ಚಿಕಿತ್ಸಕರ ಸ್ವಲ್ಪ ಮಾರ್ಗದರ್ಶನದೊಂದಿಗೆ ಅಂತರ್ಜಾಲದ ಕಾರ್ಯಕ್ರಮ ಕೊಟ್ಟು ನೋಡಿದರು. ಹದಿನಾರು ವಾರಗಳ ಹೊತ್ತಿಗೆ ಎರಡನೆಯದು ಮೊದಲನೆಯದಕ್ಕಿಂತ ಕಡಿಮೆಯಾಗಿರಲಿಲ್ಲ ಎಂದು 2022ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಬರೆದರು. ಹಾಗೆಂದು ಎಲ್ಲರಿಗೂ ಅಲ್ಲ. ಕುಡಿತ ಮಿತಿಮೀರಿದ್ದರೆ, ಸಾಯುವ ಯೋಚನೆ ಬಲವಾಗಿದ್ದರೆ, ಮನೆಯೊಳಗೇ ಹೊಡೆಯುವವರಿದ್ದು ಮಾತು ಅವರ ಕಿವಿಗೆ ಬೀಳುವಂತಿದ್ದರೆ ಆಸ್ಪತ್ರೆಗೇ ಹೋಗಬೇಕು.

ದೂರು ಮತ್ತು ಉತ್ತರ

*ಆನೆ ಇನ್ನೂ ದಿನಾ ಬರುತ್ತಲೇ ಇದೆ. ಭಯ ಬಿಡಿಸಿಕೊಂಡರೆ ಸಾಯುವುದಿಲ್ಲವೇ?*

ಒಳ್ಳೆಯ ದೂರು, ನಮ್ಮ ಪರ ವಕೀಲರೂ ಇದನ್ನೇ ವಾದಿಸುತ್ತಾರೆ. ಕಷ್ಟವೆಂದರೆ, ಒಳ್ಳೆಯ ಚಿಕಿತ್ಸೆ ವಿವೇಕದ ಭಯವನ್ನು ಮುಟ್ಟುವುದಿಲ್ಲ. ರಾತ್ರಿ ಒಬ್ಬರೇ ತೋಟಕ್ಕೆ ಹೋಗಿ ಎಂದು ಯಾವ ಚಿಕಿತ್ಸಕರೂ ಹೇಳುವುದಿಲ್ಲ. ಬೇರ್ಪಡಿಸುವುದು ಎರಡನ್ನು: ಕಾಡಂಚಿನಲ್ಲಿ ರಾತ್ರಿ ಹತ್ತಕ್ಕೆ ಬರುವ ಭಯ, ಮತ್ತು ಅಡುಗೆಮನೆಯಲ್ಲಿ ಬೆಳಿಗ್ಗೆ ಹತ್ತಕ್ಕೆ ಬರುವ ಭಯ. ಮೊದಲನೆಯದಕ್ಕೆ ಬೇಕಾದದ್ದು ಗಟ್ಟಿ ಸೋಲಾರ್ ಬೇಲಿ, ಹೂಳು ತೆಗೆದ ಕಂದಕ, ಹೊತ್ತಿಗೆ ಬರುವ ವಾಚರು, ಮುಚ್ಚದ ಆನೆದಾರಿ. ಅದು ಸರ್ಕಾರದ ಕೆಲಸ, ಸೈಕಾಲಜಿಸ್ಟರದಲ್ಲ. ಬೇಲಿ ಹಾಕದೆ ಬರೀ ಕೌನ್ಸೆಲಿಂಗ್ ಕೊಡುವುದು ಜನರಿಗೆ ಮಾಡುವ ಮೋಸ ಎಂದೇ ನನ್ನ ಅಭಿಪ್ರಾಯ. ಕೈಪಿಡಿ ಬರೆಯುವವರಿಗೆ ಅಭಿಪ್ರಾಯ ಇರಬಾರದು, ಕ್ಷಮಿಸಿ.

*ಆ ಆನೆಯನ್ನೇ ಹಿಡಿದು ದೂರ ಬಿಟ್ಟರೆ ನನ್ನ ಭಯವೂ ಹೋಗುವುದಿಲ್ಲವೇ?*

ಈ ಭಾಗದಲ್ಲಿ ಇದನ್ನು ಪರೀಕ್ಷೆ ಮಾಡಿ ನೋಡಿದ್ದಾರೆ. ತಡಾಗಂ ಕಡೆಯ ಚಿನ್ನತಂಬಿ ಎಂಬ ಆನೆಯನ್ನು 2019ರ ಜನವರಿಯಲ್ಲಿ ಹಿಡಿದು ಆನೆಮಲೆಯಲ್ಲಿ ಬಿಟ್ಟರು. ಅದು ನೂರು ಕಿಲೋಮೀಟರಿನಷ್ಟು ನಡೆದು ತಿರುಪ್ಪೂರು ಜಿಲ್ಲೆಯ ಉಡುಮಲೈಪೇಟೆಯ ಕಬ್ಬಿನ ಗದ್ದೆಗಳಿಗೆ ಬಂತು. ಫೆಬ್ರುವರಿಯಲ್ಲಿ ಮತ್ತೆ ಹಿಡಿದು ಪಳಗಿಸಿ ಕುಮ್ಕಿ ಆನೆ ಮಾಡಿದರು. ಈಗ ಬೇರೆ ಆನೆಗಳನ್ನು ಹಿಡಿಯುವಾಗ ಅದೇ ಹೋಗುತ್ತದೆ. 2023ರ ಫೆಬ್ರುವರಿಯಲ್ಲಿ ಧರ್ಮಪುರಿ ಕಡೆಯಿಂದ ತಂದು ಆನೆಮಲೆಯಲ್ಲಿ ಬಿಟ್ಟ ಮಕನಾ (ದಂತವಿಲ್ಲದ ಗಂಡಾನೆ) ಒಂದು ಊರೂರು ದಾಟಿ ಪೇರೂರಿನ ತನಕ ಬಂದು ಅಲ್ಲಿ ಅರಿವಳಿಕೆ ಮದ್ದಿನ ಗುಂಡು ತಿಂದಿತು. ಆನೆಯೇ ಬಿಟ್ಟ ಜಾಗದಲ್ಲಿ ನಿಲ್ಲುವುದಿಲ್ಲ. ಮಿದುಳಿನೊಳಗಿನ ಆನೆಗಂತೂ ಲಾರಿಯೇ ಇಲ್ಲ.

*ಆನೆಗೇನು ಕಷ್ಟ? ಅದಕ್ಕೆ ಭಯ ಇದೆಯೇ?*

ಗ್ರಾಹಕರಲ್ಲದವರ ವಿವರ ಕೊಡುವುದು ನಿಯಮಕ್ಕೆ ವಿರುದ್ಧ. ಆದರೂ ಹೇಳುತ್ತೇವೆ. ತಾಯಿ ಸಾಯುವುದನ್ನು ಕಂಡ, ಹಿಂಡು ಒಡೆದ ಮರಿಗಳು ಬೆಳೆದ ಮೇಲೆ ತೋರಿಸುವ ಅತಿ ಬೆಚ್ಚುವಿಕೆ, ಸಿಡಿಮಿಡಿ ಮನುಷ್ಯರ ಆಘಾತದ ಕಾಯಿಲೆಯನ್ನೇ ಹೋಲುತ್ತವೆ ಎಂದು ಗೇ ಬ್ರಾಡ್‌ಶಾ ಮತ್ತು ಜೊತೆಗಾರರು 2005ರಲ್ಲಿ ನೇಚರ್ ಪತ್ರಿಕೆಯಲ್ಲಿ ಬರೆದಿದ್ದಾರೆ. ಅಂದರೆ ಆ ರಾತ್ರಿ ಬಾಳೆತೋಟದಲ್ಲಿ ಬೆಚ್ಚಿದವರು ಇಬ್ಬರಿದ್ದಿರಬಹುದು. ಇನ್ನೊಬ್ಬರಿಗೆ ಹೆಲ್ಪ್‌ಲೈನ್ ಇಲ್ಲ.

*ಚಿಕಿತ್ಸೆ ಪಡೆದದ್ದು ಊರಿಗೆ ಗೊತ್ತಾದರೆ?*

2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ ಪ್ರಕಾರ ನಿಮ್ಮ ಚಿಕಿತ್ಸೆಯ ವಿವರ ಗುಟ್ಟಾಗಿರಬೇಕು. ವಿಮಾ ಕಂಪನಿಗಳು ಮೈಯ ಕಾಯಿಲೆಗೂ ಮನಸ್ಸಿನ ಕಾಯಿಲೆಗೂ ಭೇದ ಮಾಡಬಾರದೆಂದೂ ಅದೇ ಕಾಯ್ದೆ ಹೇಳುತ್ತದೆ. ಗುಟ್ಟು ಬಿಚ್ಚುವುದು ಸಾಮಾನ್ಯವಾಗಿ ಡಾಕ್ಟರಲ್ಲ, ಬಾಗಿಲಾಚೆ ನಿಂತು ಕೇಳಿಸಿಕೊಳ್ಳುವ ಅತ್ತೆ. ಅದಕ್ಕೇ ಇಯರ್‌ಫೋನು ಹಾಕಿ, ಬಾಗಿಲು ಹಾಕಿ, ದನಿ ತಗ್ಗಿಸಿ ಎನ್ನುವುದು. ಅಯ್ಯೋ, ಬೇಡ ಎನ್ನಬೇಕಿತ್ತು.

ವಾರಂಟಿ

ಮೇಲಿನ ಸೂಚನೆಗಳನ್ನು ತಪ್ಪದೆ ಪಾಲಿಸಿದರೆ ಈ ಭಯ ಹತ್ತು ವರ್ಷವಾದರೂ ಬಾಳುತ್ತದೆ. ಈ ಕೆಳಗಿನ ಸಂದರ್ಭದಲ್ಲಿ ವಾರಂಟಿ ರದ್ದಾಗುತ್ತದೆ: ಗ್ರಾಹಕರು ಬೆಚ್ಚಿದ್ದನ್ನು ಹೆಂಡತಿಯ ಹತ್ತಿರ ಕನ್ನಡದಲ್ಲಿ ಹೇಳಿಕೊಂಡರೆ, ಹೆಂಡತಿ ನಗದೆ ಕೇಳಿಸಿಕೊಂಡರೆ, ಒಂದು ತಿಂಗಳು ದಾಟಿದ ಮೇಲೆ ಇಬ್ಬರೂ ಕೂತು 14416 ಒತ್ತಿದರೆ.

ನೀವು ಹೇಗೂ ಒತ್ತುವವರೇ ಆದರೆ ಒಂದು ಮಾತು. ಮೊದಲ ಸಲ ಲೈನು ಸಿಗದೇ ಹೋಗಬಹುದು, ಸಿಕ್ಕವರ ಮಾತು ಹಿಡಿಸದೇ ಹೋಗಬಹುದು. ಇನ್ನೊಮ್ಮೆ ಮಾಡಿ. ಭಾಷೆ ಕೇಳಿದಾಗ ನಾಚಿಕೊಳ್ಳದೆ ಕನ್ನಡ ಎನ್ನಿ. ಮತ್ತು ಬೇಲಿಯ ಅರ್ಜಿಯನ್ನೂ ಬಿಡದೆ ಕೊಡುತ್ತಿರಿ.